ಗುಳಿಗೆಯೂ ಗ್ಲಾಸೂ ಒಂದೇ ಕೈಯಲ್ಲಿ ಬೇಡ

(ಬೆಳೆಗಾರ ಸದಸ್ಯರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣದ ಪಾಠ)



ನಾನು ತಮ್ಮೆದುರು ನಿಂತಾಗಲೆಲ್ಲ ಬೀಜದ ಕಬ್ಬಿನ ಆಯ್ಕೆ, ಕೂಳೆ ಬೆಳೆಯ ಆರೈಕೆ, ರವದಿಯನ್ನು ಸುಡದೆ ಹೊಲಕ್ಕೇ ಸೇರಿಸುವ ಕ್ರಮ ಇಂಥವುಗಳನ್ನೇ ಹೇಳುತ್ತ ಬಂದಿದ್ದೇನೆ. ಇಂದು ಅಧ್ಯಕ್ಷರ ಅಪ್ಪಣೆ ಪಡೆದು ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ಮನಸ್ಸಿನ ಕಾಯಿಲೆಗೆ, ಅದರಲ್ಲೂ ಬೈಪೋಲಾರ್ ಎಂದು ಕರೆಯುವ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುವವರು ಮದ್ಯ ಕುಡಿದರೆ ಏನಾಗುತ್ತದೆ ಎಂಬುದೇ ಆ ವಿಷಯ. ಕಬ್ಬಿನವನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ನಾನು ಮಾಡಿದ ಒಂದು ತಪ್ಪನ್ನೇ ಮೊದಲು ಹೇಳುತ್ತೇನೆ.

2017-18ರ ಹಂಗಾಮು. ಮಾರ್ಚ್ ತಿಂಗಳು, ಸುಡುವ ಬಿಸಿಲು. ನಮ್ಮ ಸದಸ್ಯರೊಬ್ಬರ ಹೊಲದಲ್ಲಿ ಕಟಾವು ನಡೆದಿತ್ತು. ಅವರ ಹೆಸರು, ಊರು ಹೇಳುವುದಿಲ್ಲ. ಈ ಸಂಗತಿ ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ. ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಅಲ್ಲಿಗೆ ಹೋದಾಗ ಅವರು ಬದುವಿನ ಮೇಲೆ ತೂರಾಡುತ್ತ ನಡೆಯುತ್ತಿದ್ದರು. ನಾಲಿಗೆ ತೊದಲುತ್ತಿತ್ತು, ಕೈ ಜೋರಾಗಿ ನಡುಗುತ್ತಿತ್ತು, ಒಂದೆರಡು ಸಲ ವಾಂತಿಯೂ ಆಗಿತ್ತು. ಹಿಂದಿನ ಸಂಜೆ ಅವರು ಉರಾಕ್ ಕುಡಿದದ್ದನ್ನು ಟೋಳಿಯ ಮುಕಾದಮ ನೋಡಿದ್ದ. "ಇನ್ನೂ ಇಳಿದಿಲ್ಲ" ಎಂದು ಅವನು ನಕ್ಕ. ನಾನೂ ನಕ್ಕೆ. "ನೆರಳಿಗೆ ಮಲಗಿಸಿರಿ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಾರೆ" ಎಂದು ಹೇಳಿ ಮುಂದಿನ ಹೊಲಕ್ಕೆ ಹೊರಟೆ.

ಮಧ್ಯಾಹ್ನ ಬುತ್ತಿ ತಂದ ಅವರ ಮನೆಯವರು ಗಂಡನನ್ನು ನೋಡಿ ಗಾಬರಿಯಾದರು. ನನ್ನನ್ನು ಹುಡುಕಿಸಿ ಕರೆಸಿದರು. ಆ ತಾಯಿ ಆಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಸಾಹೇಬ್ರ, ಇದು ಕುಡದ ನಡಿಗಿ ಅಲ್ರೀ. ಇವರು ಕುಡದಾಗ ಹೆಂಗ ನಡೀತಾರ ಅಂತ ಇಪ್ಪತ್ತು ವರ್ಷದಿಂದ ನೋಡೇನ್ರಿ. ಇದು ಬ್ಯಾರೆ ಐತಿ." ಸೆರಗಿನ ಗಂಟಿನಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸಿದರು. ಅದು ಲಿಥಿಯಂ. ಆರು ವರ್ಷಗಳಿಂದ ಅವರು ಅದನ್ನು ತೆಗೆದುಕೊಳ್ಳುತ್ತಿದ್ದರೆಂದು ನನಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಎರಡು ದಿನದಿಂದ ಭೇದಿಯಾಗಿತ್ತು. ಸೊಂಟ ನೋವೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದ್ದರು. ಮೇಲೆ ಬಿಸಿಲಿನ ಬೆವರು, ಅದರ ಮೇಲೆ ಉರಾಕ್. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಲಿಥಿಯಂ ಇರಬೇಕಾದ ಪ್ರಮಾಣದ ಎರಡು ಪಟ್ಟಿಗೂ ಮೇಲೆ ಏರಿತ್ತು. ಯಂತ್ರದ ಮೂಲಕ ರಕ್ತ ಶುದ್ಧಿ ಮಾಡಬೇಕಾಯಿತು. ಅವರು ಬದುಕಿದರು. ನಾನು ನೆರಳಿಗೆ ಮಲಗಿಸಿ ಹೋದ ಆ ನಾಲ್ಕು ತಾಸು ಮಾತ್ರ ನನ್ನ ಲೆಕ್ಕದಲ್ಲಿ ಇಂದಿಗೂ ಬಾಕಿಯಿದೆ.

ಆ ಮೇಲೆ ವೈದ್ಯರ ಬಳಿ ಹೋಗಿ ಕೇಳಿದೆ, ಓದಿದೆ. ನಾನು ಕೃಷಿ ಪದವೀಧರ, ವೈದ್ಯನಲ್ಲ. ಕೇಳಿ ತಿಳಿದದ್ದನ್ನು ನಮ್ಮ ಹೊಲದ ಭಾಷೆಯಲ್ಲಿ ಹೇಳುತ್ತೇನೆ. ಗುಳಿಗೆ ಬದಲಿಸುವುದು, ಹೆಚ್ಚು ಕಡಿಮೆ ಮಾಡುವುದು ವೈದ್ಯರ ಕೆಲಸ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಕಾಯಿಲೆ ಯಾವುದು?

ಹಿಂದೆ ಇದನ್ನು ಉನ್ಮಾದ-ಖಿನ್ನತೆಯ ಕಾಯಿಲೆ ಎನ್ನುತ್ತಿದ್ದರು. ಕೆಲವು ಕಾಲ ಮನಸ್ಸು ಮಿತಿಮೀರಿ ಏರುತ್ತದೆ. ನಿದ್ರೆ ಬೇಕೆನಿಸುವುದಿಲ್ಲ, ಮಾತು ನಿಲ್ಲುವುದಿಲ್ಲ, ಕೈಯಲ್ಲಿ ಹಣ ನಿಲ್ಲುವುದಿಲ್ಲ; ಹತ್ತು ಎಕರೆ ಲಾವಣಿ ಹಿಡಿಯುತ್ತೇನೆ, ಹೊಸ ಟ್ರ್ಯಾಕ್ಟರ್ ತರುತ್ತೇನೆ ಎಂಬ ಹುಮ್ಮಸ್ಸು; ಅಡ್ಡ ಬಂದವರ ಮೇಲೆ ಸಿಟ್ಟು. ಇನ್ನು ಕೆಲವು ಕಾಲ ಅದೇ ಮನುಷ್ಯ ಹಾಸಿಗೆಯಿಂದ ಏಳುವುದಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡವೆನಿಸುತ್ತದೆ. ನಡುವೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಲ್ಲರಂತೆಯೇ ಇರುತ್ತಾರೆ. ಇದು ದೆವ್ವದ ಕಾಟವಲ್ಲ, ಕೊಬ್ಬೂ ಅಲ್ಲ, ಸೋಮಾರಿತನವೂ ಅಲ್ಲ. ಮಿದುಳಿನ ಕೆಲಸದಲ್ಲಿ ಏರುಪೇರಾಗುವ ಕಾಯಿಲೆ. ಸಾಮಾನ್ಯವಾಗಿ ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಪ್ರಾಯದಲ್ಲಿ ಕಾಣಿಸಿಕೊಳ್ಳುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯದ ಸಮೀಕ್ಷೆ ನಡೆಯಿತು. ಸಾವಿರ ವಯಸ್ಕರಲ್ಲಿ ಸುಮಾರು ಮೂವರಿಗೆ ಆ ಹೊತ್ತಿನಲ್ಲಿ ಈ ಕಾಯಿಲೆ ಇತ್ತು. ಅಂಥವರಲ್ಲಿ ಹತ್ತಕ್ಕೆ ಏಳು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸಾವಿರಕ್ಕೆ ಮೂವರು ಎಂದರೆ ನಮ್ಮ ಸದಸ್ಯರ ಕುಟುಂಬಗಳಲ್ಲೂ, ಕಟಾವಿಗೆ ಬರುವ ಟೋಳಿಗಳಲ್ಲೂ ಇಂಥವರು ಇದ್ದೇ ಇರುತ್ತಾರೆ. ನಮಗೆ ಕಾಣುವುದಿಲ್ಲ, ಅಷ್ಟೇ.

ಇದನ್ನು ಕೂಳೆ ಕಬ್ಬಿಗೆ ಹೋಲಿಸಬಹುದು. ಮೇಲಿನ ಕಬ್ಬು ಕಡಿದ ಮಾತ್ರಕ್ಕೆ ಬೇರು ಸತ್ತಿರುವುದಿಲ್ಲ, ಕಾಲ ಬಂದಾಗ ಮತ್ತೆ ಚಿಗುರುತ್ತದೆ. ಹಾಗೆಯೇ "ಈಗ ಆರಾಮಿದ್ದೇನೆ, ಗುಳಿಗೆ ಏಕೆ?" ಎಂದು ಬಿಟ್ಟವರಿಗೆ ಕಾಯಿಲೆ ಮತ್ತೆ ಮರುಕಳಿಸುತ್ತದೆ. ಆರಾಮಿರುವುದೇ ಗುಳಿಗೆಯ ದೆಸೆಯಿಂದ ಎಂಬುದನ್ನು ಮರೆಯಬಾರದು.

ಔಷಧಿಗಳು ಯಾವುವು?

ಮೊದಲನೆಯದು ಲಿಥಿಯಂ. ಇದೊಂದು ಲವಣ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಇದು ಉಪಯುಕ್ತವೆಂದು ತೋರಿಸಿದರು. ಇಂದಿಗೂ ಇದಕ್ಕೆ ಸಮನಾದ ಔಷಧಿಗಳು ಕಡಿಮೆ. ಆದರೆ ಇದರ ಅಳತೆ ಬಹಳ ಸೂಕ್ಷ್ಮ. ತಾವು ಬೋರಾನ್ ಗೊಬ್ಬರವನ್ನು ಬಲ್ಲಿರಿ. ಚೂರು ಬೇಕು, ಇಲ್ಲದಿದ್ದರೆ ಬೆಳೆ ಸೊರಗುತ್ತದೆ, ತುಸು ಹೆಚ್ಚಾದರೆ ಎಲೆ ಸುಡುತ್ತದೆ. ಲಿಥಿಯಂ ಕೂಡ ಹಾಗೆಯೇ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ವರೆಗೆ ಇರಬೇಕು. 1.5 ದಾಟಿತೆಂದರೆ ವಿಷದ ಲಕ್ಷಣಗಳು ತೋರತೊಡಗುತ್ತವೆ. ಆದ್ದರಿಂದಲೇ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಕೊನೆಯ ಗುಳಿಗೆ ನುಂಗಿ ಹನ್ನೆರಡು ತಾಸಿನ ಮೇಲೆ ರಕ್ತ ಕೊಡಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಕಾಲಕಾಲಕ್ಕೆ ಮಾಡಿಸಬೇಕು.

ಎರಡನೆಯದು ವಾಲ್‌ಪ್ರೊಯೇಟ್, ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್ ಎಂಬ ಗುಳಿಗೆಗಳು. ಇವನ್ನು ಮೂರ್ಛೆರೋಗಕ್ಕೂ ಕೊಡುವುದುಂಟು. ಮೂರನೆಯದು ಓಲಾಂಜಪಿನ್, ಕ್ವೆಟಿಯಾಪಿನ್, ರಿಸ್ಪೆರಿಡಾನ್ ಮೊದಲಾದವು. ನಾಲ್ಕನೆಯದು ನಿದ್ರೆಗೆ ಮತ್ತು ತಳಮಳಕ್ಕೆ ಕೆಲ ದಿನಗಳ ಮಟ್ಟಿಗೆ ಕೊಡುವ ಲೊರಾಜೆಪಾಮ್, ಕ್ಲೊನಾಜೆಪಾಮ್‌ನಂಥವು. ತಮ್ಮ ಮನೆಯಲ್ಲಿರುವ ಪಟ್ಟಿಯ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ, ಈ ಹೆಸರು ಸಣ್ಣಕ್ಷರದಲ್ಲಿ ಇರುತ್ತದೆ. ಮಕ್ಕಳಿಂದ ಓದಿಸಿ ತಿಳಿದುಕೊಳ್ಳಿರಿ.

ಮದ್ಯ ಕೂಡಿದಾಗ ಆಗುವುದೇನು?

ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣಕ್ಕೆ ಸಿಕ್ಕ ಸಿಕ್ಕ ಕೀಟನಾಶಕ ಬೆರೆಸಬಾರದೆಂದು ಅಡಿಕೆ ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೊಂದೂ ಬೇರೆಬೇರೆಯಾಗಿ ಒಳ್ಳೆಯದೇ; ಒಂದೇ ಡ್ರಮ್ಮಿಗೆ ಬಿದ್ದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ನಮ್ಮ ಶರೀರವೂ ಒಂದು ಡ್ರಮ್ಮೇ.

ಲಿಥಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ದೇಹದಲ್ಲಿ ನೀರು ಮತ್ತು ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಡುತ್ತದೆ. ಮದ್ಯವಾದರೋ ಮೂತ್ರ ಹೆಚ್ಚಿಸಿ ನೀರು ಕಳೆಯುತ್ತದೆ, ಅತಿಯಾದರೆ ವಾಂತಿ ತರುತ್ತದೆ. ಬಿಸಿಲಿನ ಕೆಲಸದಲ್ಲಿ ಬೆವರು ಬೇರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇಂಥ ನೋವಿನ ಗುಳಿಗೆಗಳೂ ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಕೆಲವು ಬಿಪಿ ಗುಳಿಗೆಗಳೂ ಅಷ್ಟೇ. ನಾನು ಹೇಳಿದ ಸದಸ್ಯರಲ್ಲಿ ಇವೆಲ್ಲ ಒಟ್ಟಿಗೆ ಕೂಡಿದ್ದವು.

ವಾಲ್‌ಪ್ರೊಯೇಟ್ ಯಕೃತ್ತಿಗೆ, ಅಂದರೆ ಪಿತ್ತಜನಕಾಂಗಕ್ಕೆ, ಹೊರೆಯಾಗಬಲ್ಲ ಔಷಧಿ. ಮದ್ಯವನ್ನು ಅರಗಿಸುವುದೂ ಅದೇ ಯಕೃತ್ತು. ಎರಡು ಗಾಡಿಯ ಹೊರೆಯನ್ನು ಒಂದೇ ಎತ್ತಿಗೆ ಕಟ್ಟಿದಂತೆ. ಓಲಾಂಜಪಿನ್, ಕ್ವೆಟಿಯಾಪಿನ್ ಮಂಪರು ತರುತ್ತವೆ, ಏಳುವಾಗ ರಕ್ತದೊತ್ತಡ ಇಳಿಸುತ್ತವೆ. ಮೇಲೆ ಮದ್ಯ ಬಿದ್ದರೆ ರಾತ್ರಿ ಎದ್ದವರು ತಲೆತಿರುಗಿ ಬೀಳುತ್ತಾರೆ, ಟ್ರ್ಯಾಕ್ಟರ್ ಹತ್ತಿದವರು ಗಟಾರಕ್ಕಿಳಿಯುತ್ತಾರೆ. ಲೊರಾಜೆಪಾಮ್, ಕ್ಲೊನಾಜೆಪಾಮ್‌ಗಳ ಜೊತೆಗೆ ಮದ್ಯ ಕೂಡಿದರೆ ಉಸಿರಾಟವೇ ನಿಧಾನವಾಗಿ ನಿಂತುಹೋಗಬಹುದು. ಗೊರಕೆ ಹೊಡೆಯುತ್ತ ಮಲಗಿದವರು ಬೆಳಿಗ್ಗೆ ಏಳದಿರುವುದು ಹೀಗೆಯೇ.

ಇದು ಔಷಧಿಯ ಮಾತಾಯಿತು. ಕಾಯಿಲೆಗೂ ಮದ್ಯ ವೈರಿಯೇ. ಕುಡಿದರೆ ಬೇಗ ನಿದ್ರೆ ಬರುತ್ತದೆ ಎನ್ನುತ್ತಾರೆ. ಬೇಗ ಬರುವುದು ನಿಜ. ಆದರೆ ರಾತ್ರಿಯ ಎರಡನೆಯ ಭಾಗದಲ್ಲಿ ಆ ನಿದ್ರೆ ಒಡೆದುಹೋಗುತ್ತದೆ. ಈ ಕಾಯಿಲೆಯವರಿಗೆ ನಿದ್ರೆ ಕೆಡುವುದೆಂದರೆ ಉನ್ಮಾದಕ್ಕೆ ಬಾಗಿಲು ತೆರೆದಂತೆ. ಇತ್ತ ಮನಸ್ಸು ಕುಗ್ಗಿದಾಗ ಕುಡಿದರೆ ಮರುದಿನ ಇನ್ನೂ ಕುಗ್ಗುತ್ತದೆ, ವಿವೇಕ ಕಳೆಯುತ್ತದೆ, ಆತ್ಮಹತ್ಯೆಯ ಯೋಚನೆ ಕೃತಿಗಿಳಿಯುವ ಅಪಾಯ ಹೆಚ್ಚುತ್ತದೆ. ನಮ್ಮ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಕೈಗೆಟಕುವ ಕಡೆಯೇ ಇರುತ್ತದೆ. ಅದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಬೇರೆಯವರ ಬಳಿ ಇಡಬೇಕೆಂದು ಎಲ್ಲ ಸದಸ್ಯರಿಗೂ ಕೈಮುಗಿದು ಹೇಳುತ್ತೇನೆ.

ಕೆಲವು ತಪ್ಪು ತಿಳುವಳಿಕೆಗಳು

ಒಂದು, "ಬೀರು ಮದ್ಯವಲ್ಲ" ಎಂಬ ಮಾತು. ಲೆಕ್ಕ ನೋಡೋಣ. 650 ಮಿಲಿಲೀಟರಿನ ಸ್ಟ್ರಾಂಗ್ ಬೀರಿನಲ್ಲಿ ನೂರಕ್ಕೆ 8 ಪಾಲು ಮದ್ಯಸಾರ ಎಂದರೆ 52 ಮಿಲಿಲೀಟರ್ ಆಯಿತು. ಫೆಣಿಯಲ್ಲಿ ನೂರಕ್ಕೆ ಸುಮಾರು 43 ಪಾಲು. 60 ಮಿಲಿಲೀಟರಿನ ಎರಡು ಪೆಗ್ಗಿನಲ್ಲಿ ಅಷ್ಟೇ ಆಗುತ್ತದೆ. ಬಾಟಲಿ ಬೇರೆ, ಹೆಸರು ಬೇರೆ, ಯಕೃತ್ತಿಗೆ ಎಲ್ಲವೂ ಒಂದೇ. ತಾಸಿಗೆ ಸುಮಾರು 10 ಮಿಲಿಲೀಟರ್ ಮದ್ಯಸಾರವನ್ನಷ್ಟೇ ಅದು ಅರಗಿಸಬಲ್ಲದು. ಎಂದರೆ ಆ ಒಂದು ಬಾಟಲಿ ಇಳಿಯಲು ಐದು ತಾಸು. 2,4-ಡಿ ಕಳೆನಾಶಕ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಬದನೆಗೆ ಔಷಧಿ ಹೊಡೆದು ಎಲೆ ಮುದುಡಿಸಿಕೊಂಡವರು ಇಲ್ಲಿದ್ದೀರಿ. ಕಣ್ಣಿಗೆ ಕಾಣದೆ ಉಳಿದದ್ದೇ ಕೆಡಿಸುತ್ತದೆ.

ಎರಡು, "ಇವತ್ತು ಕುಡಿದಿದ್ದೇನೆ, ಆದ್ದರಿಂದ ಗುಳಿಗೆ ಬೇಡ" ಎಂಬ ಜಾಣತನ. ಕೇಳಲು ಸರಿಯೆನಿಸುತ್ತದೆ. ಆದರೆ ವಾರಕ್ಕೆ ಮೂರು ದಿನ ಕುಡಿಯುವವರು ವಾರಕ್ಕೆ ಮೂರು ದಿನ ಗುಳಿಗೆ ಬಿಟ್ಟಂತಾಯಿತು. ಕಾಯಿಲೆ ಮರುಕಳಿಸುವುದು ಬಹುಪಾಲು ಹೀಗೆಯೇ. ಮರುದಿನ ಎರಡು ದಿನದ್ದನ್ನು ಒಟ್ಟಿಗೆ ನುಂಗುವುದಂತೂ ಇನ್ನೂ ಅಪಾಯ. ಲ್ಯಾಮೊಟ್ರಿಜಿನ್ ಅನ್ನು ಕೆಲವು ದಿನ ಬಿಟ್ಟು ಮತ್ತೆ ಹಳೆಯ ಪ್ರಮಾಣದಲ್ಲೇ ಆರಂಭಿಸಿದರೆ ಮೈಮೇಲೆ ಅಪಾಯಕಾರಿ ಗುಳ್ಳೆಗಳು ಏಳಬಹುದು. ಅದನ್ನು ವೈದ್ಯರನ್ನು ಕೇಳಿ ಕಡಿಮೆ ಪ್ರಮಾಣದಿಂದಲೇ ಏರಿಸಬೇಕು. ಕುಡಿದುಬಿಟ್ಟ ರಾತ್ರಿ ಯಾವ ಗುಳಿಗೆ ತೆಗೆದುಕೊಳ್ಳಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ವೈದ್ಯರಿಂದ ಮುಂಚೆಯೇ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿರಿ. ಕುಡಿಯುವ ವಿಷಯವನ್ನು ವೈದ್ಯರಿಗೆ ಮುಚ್ಚಿಡಬೇಡಿರಿ. ಮಣ್ಣು ಪರೀಕ್ಷೆಗೆ ಪಕ್ಕದವರ ಹೊಲದ ಮಣ್ಣು ಕೊಟ್ಟರೆ ಶಿಫಾರಸು ಸರಿಯಾಗಿ ಬರುತ್ತದೆಯೇ?

ಮೂರು, ಮನೆಯವರಿಗೆ ಸಂಬಂಧಿಸಿದ್ದು. ಕುಡಿತ ಬಿಡಿಸುವ ಪುಡಿ ಎಂದು ಯಾರೋ ಕೊಟ್ಟದ್ದನ್ನು ಗುಟ್ಟಾಗಿ ಸಾರಿನಲ್ಲಿ, ಚಹದಲ್ಲಿ ಬೆರೆಸುವ ಪದ್ಧತಿ ಇದೆ. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇರಬಹುದು. ತಿಳಿಯದೆ ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಕೆಲವರಲ್ಲಿ ಅದೇ ಬುದ್ಧಿಭ್ರಮಣೆಯನ್ನೂ ಉನ್ಮಾದವನ್ನೂ ತರಬಲ್ಲದು. ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುವ ಔಷಧಿ ಅದು. ಗುಟ್ಟಾಗಿ ಕೊಡಬಾರದು.

ಕುಡಿತವೋ, ವಿಷವೋ?

ಈ ಭಾಗವನ್ನು ಮಾತ್ರ ಮರೆಯದಿರಿ. ಲಿಥಿಯಂ ಹೆಚ್ಚಾದಾಗ ಕಾಣುವ ಲಕ್ಷಣಗಳು ಇವು: ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಾಲಿಗೆ ತೊದಲುವುದು, ತೂರಾಡುವ ನಡಿಗೆ, ಮಂಪರು, ಗೊಂದಲ, ಮುಂದೆ ಮೈ ಅದುರುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು. ನೋಡಿದವರಿಗೆ ಕುಡಿದವನಂತೆಯೇ ಕಾಣುತ್ತದೆ. ಕುಡಿತ ತಾಸು ತಾಸಿಗೆ ಇಳಿಯುತ್ತ ಹೋಗುತ್ತದೆ. ವಿಷ ಇಳಿಯುವುದಿಲ್ಲ, ಏರಬಹುದು. ಬಾಯಿಗೆ ಮದ್ಯದ ವಾಸನೆ ಇದ್ದ ಮಾತ್ರಕ್ಕೆ ವಿಷವಿಲ್ಲ ಎನ್ನಲಾಗದು, ಎರಡೂ ಕೂಡಿರಬಹುದು.

ಸಂಶಯ ಬಂದರೆ ಕಾಯಬೇಡಿರಿ. 108ಕ್ಕೆ ಕರೆ ಮಾಡಿರಿ. ಗುಳಿಗೆಯ ಪಟ್ಟಿ ಮತ್ತು ವೈದ್ಯರ ಚೀಟಿ ಜೊತೆಗೆ ಒಯ್ಯಿರಿ. ವೈದ್ಯರು ನೋಡುವವರೆಗೆ ಮುಂದಿನ ಲಿಥಿಯಂ ಗುಳಿಗೆ ಕೊಡಬೇಡಿರಿ. ಪ್ರಜ್ಞೆ ಇದ್ದು ನುಂಗಲು ಬಂದರೆ ನೀರು ಕುಡಿಸಿರಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿರಿ, ಉಸಿರಾಟ ನೋಡುತ್ತಿರಿ. ಒಬ್ಬರನ್ನೇ ಬಿಟ್ಟು ಹೋಗಬೇಡಿರಿ. ನಾನು ಬಿಟ್ಟು ಹೋಗಿದ್ದೆ.

ಬಿಡುವುದು ಹೇಗೆ?

ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ "ನಾಳೆಯಿಂದಲೇ ಬಂದ್" ಎಂದು ಶಪಥ ಮಾಡಬಹುದು. ಅಪರೂಪಕ್ಕೆ ಕುಡಿಯುವವರು ಹಾಗೆ ಬಿಡಬಹುದು. ಆದರೆ ದಿನನಿತ್ಯ ಹೆಚ್ಚು ಕುಡಿಯುವವರು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ನಡುಕ, ಫಿಟ್ಸ್, ಅನಂತರ ಸನ್ನಿ ಬರುವ ಅಪಾಯವಿದೆ. ಅಂಥವರು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು.

ಬಿಡಲು ಸಾಧ್ಯವೇ ಎಂದರೆ ಸಾಧ್ಯ. ಗೋವೆಯಲ್ಲೇ ಇದಕ್ಕೆ ಪುರಾವೆಯಿದೆ. 1996ರಲ್ಲಿ ಇಲ್ಲಿ ಆರಂಭವಾದ ಸಂಗಾತ್ ಎಂಬ ಸಂಸ್ಥೆಯವರು ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಯಾಗುವಷ್ಟು ಕುಡಿಯುತ್ತಿದ್ದ 377 ಗಂಡಸರ ಮೇಲೆ ಒಂದು ಪ್ರಯೋಗ ನಡೆಸಿದರು. ಮಾತನಾಡಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಹೆಚ್ಚೆಂದರೆ ನಾಲ್ಕು ಸಲ ಕೂಡಿಸಿಕೊಂಡು ಮಾತನಾಡಿದರು. ಮೂರು ತಿಂಗಳ ಮೇಲೆ ನೋಡಿದಾಗ, ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ನೂರಕ್ಕೆ 26 ಜನ ಆ ಹಾನಿಯ ಕುಡಿತದಿಂದ ಹೊರಬಂದಿದ್ದರೆ, ಹೀಗೆ ಮಾತನಾಡಿಸಿಕೊಂಡವರಲ್ಲಿ 36 ಜನ ಹೊರಬಂದಿದ್ದರು. 2017ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಪ್ರಯೋಗ ನಡೆದದ್ದು ಬೈಪೋಲಾರ್ ಕಾಯಿಲೆಯವರಿಗಾಗಿ ಅಲ್ಲ ಎಂಬುದನ್ನೂ ಹೇಳಬೇಕು. ಆದರೂ ನಾಲ್ಕು ಸಲ ಗೌರವದಿಂದ ಮಾತನಾಡಿಸುವುದರಿಂದಲೂ ಫಲವುಂಟು ಎಂಬುದು ಇದರಿಂದ ತಿಳಿಯುತ್ತದೆ. ಬೈಯುವುದರಿಂದ, ಮನೆಯ ಹೊರಗೆ ಮಲಗಿಸುವುದರಿಂದ ಫಲ ಕಂಡವರನ್ನು ನಾನು ನೋಡಿಲ್ಲ.

ಎಲ್ಲಿಗೆ ಹೋಗಬೇಕು?

ಗೋವೆಯ ಮಣ್ಣಿಗೆ ಮನಸ್ಸಿನ ವಿಚಾರ ಹೊಸದಲ್ಲ. ಸಂಮೋಹನ ನಿದ್ರೆ ಯಾವ ಅಯಸ್ಕಾಂತ ಶಕ್ತಿಯಿಂದಲೂ ಅಲ್ಲ, ಒಳಗಾಗುವವನ ಮನಸ್ಸಿನಿಂದಲೇ ಬರುತ್ತದೆ ಎಂದು ಯುರೋಪಿಗೆ ಹೇಳಿದ ಅಬೇ ಫಾರಿಯಾ 1756ರಲ್ಲಿ ಇಲ್ಲಿಯ ಕಾಂದೋಳಿಯಲ್ಲಿ ಹುಟ್ಟಿದವರು. ಪಣಜಿಯ ಹಳೆಯ ಸಚಿವಾಲಯದ ಪಕ್ಕದಲ್ಲಿ ಅವರ ಪ್ರತಿಮೆಯನ್ನು ತಾವು ನೋಡಿದ್ದೀರಿ. ಇಂದು ಬಾಂಬೋಳಿಯಲ್ಲಿ ಗೋವಾ ವೈದ್ಯಕೀಯ ಕಾಲೇಜಿನ ಸಮೀಪ ಸರಕಾರದ ಮನೋವೈದ್ಯಕೀಯ ಸಂಸ್ಥೆಯಿದೆ. ಮನಸ್ಸಿನ ಕಾಯಿಲೆಗೂ ಕುಡಿತದ ಚಟಕ್ಕೂ ಅಲ್ಲಿ ಚಿಕಿತ್ಸೆ ದೊರೆಯುತ್ತದೆ. ಗಡಿಯಾಚೆಯ ಖಾನಾಪುರ, ಹಳಿಯಾಳ, ಜೋಯಿಡಾ ಕಡೆಯವರಿಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ ಮತ್ತು ಧಾರವಾಡದ ಡಿಮ್ಹಾನ್ಸ್ ಸಂಸ್ಥೆ ಅನುಕೂಲ. ಕುಡಿತ ಬಿಟ್ಟವರೇ ಕೂಡಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಗೋವೆಯಲ್ಲಿ ನಡೆಯುತ್ತವೆ.

ದೂರ ಹೋಗಲಾಗದವರಿಗೆ ಫೋನಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಖರ್ಚಿಲ್ಲದೆ ಮಾತನಾಡಬಹುದು. ಕನ್ನಡದಲ್ಲೂ ಮಾತನಾಡಬಹುದು. ಸರಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಇದು ಯಾರ ಮುಂದೆಯೂ ಕೈಚಾಚುವ ಮಾತಲ್ಲ.

ನಮ್ಮ ಪಾಲಿನ ಕೆಲಸ

ಬಂಧುಗಳೇ, ಮದ್ಯವನ್ನು ಬೈಯಲು ನಾನು ಬಂದಿಲ್ಲ. ಬೈಯುವ ಹಕ್ಕು ನಮ್ಮ ಕಸುಬಿನವರಿಗೆ ಇಲ್ಲವೂ ಇಲ್ಲ. ನಾವು ಬೆಳೆದ ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯೇ ಬಟ್ಟಿಯ ಮನೆಗೆ ಹೋಗುತ್ತದೆ; ಟನ್ನಿಗೆ 220ರಿಂದ 250 ಲೀಟರ್ ಮದ್ಯಸಾರ ಇಳಿಯುತ್ತದೆ. ಗೋವೆಯ ಗೇರು ಫೆಣಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ಕುಡಿಯುವವರು ಕುಡಿಯುತ್ತಾರೆ. ನಾನು ಕೇಳುವುದಿಷ್ಟೇ: ಬೇಡ ಎಂದವರನ್ನು ಒತ್ತಾಯಿಸಬೇಡಿರಿ. ಶಿಗ್ಮೋ ಇರಲಿ, ಜಾತ್ರೆ ಇರಲಿ, ಮದುವೆ ಇರಲಿ, "ಒಂದೇ ಪೆಗ್ಗು, ನಮ್ಮ ಮರ್ಯಾದೆಗಾದರೂ" ಎಂಬ ಮಾತು ನಮ್ಮಲ್ಲಿ ಬಹಳ. ಆ ಮನುಷ್ಯನ ಜೇಬಿನಲ್ಲಿ ಯಾವ ಗುಳಿಗೆಯ ಪಟ್ಟಿ ಇದೆಯೋ ನಮಗೆ ತಿಳಿಯದು. ಏಕೆ ಬೇಡವೆಂದು ಅವರು ಹೇಳಬೇಕಾಗಿಯೂ ಇಲ್ಲ. ಕೋಕಂ ಶರಬತ್ತು ಕೊಟ್ಟರೂ ಮರ್ಯಾದೆ ಉಳಿಯುತ್ತದೆ.

2019-20ರ ಹಂಗಾಮಿನಿಂದ ನಮ್ಮಲ್ಲಿ ಕಬ್ಬು ನುರಿಯುವ ಕೆಲಸ ನಿಂತಿದೆ. ಮುಂದೇನು ಎಂಬ ಚಿಂತೆ ಹಲವು ಮನೆಗಳಲ್ಲಿದೆ. ಚಿಂತೆ ಇದ್ದ ಕಡೆ ಬಾಟಲಿಯೂ ಬೇಗ ಬರುತ್ತದೆ, ಇದ್ದ ಕಾಯಿಲೆಯೂ ಕೆರಳುತ್ತದೆ. ಆದ್ದರಿಂದಲೇ ಈ ಮಾತು ಇಂದೇ ಹೇಳಬೇಕೆನಿಸಿತು.

ಆ ಸದಸ್ಯರ ವಿಷಯ ಹೇಳಿ ಮುಗಿಸುತ್ತೇನೆ. ಅವರು ಈಗ ಆರೋಗ್ಯವಾಗಿದ್ದಾರೆ. ವೈದ್ಯರು ಔಷಧಿ ಬದಲಿಸಿದ್ದಾರೆ. ಆ ಮಾರ್ಚಿನಿಂದ ಅವರು ಕುಡಿದಿಲ್ಲ. ನಡುವೆ ಒಂದು ಸಲ ಜಾರಿದ್ದರು, ಮರುದಿನವೇ ವೈದ್ಯರಿಗೆ ಹೇಳಿದರು. ಗುಳಿಗೆಯ ವಿಷಯವನ್ನು ಏಕೆ ಮುಚ್ಚಿಟ್ಟಿದ್ದಿರಿ ಎಂದು ಒಮ್ಮೆ ಕೇಳಿದೆ. ಅವರೆಂದರು: "ಕುಡುಕ ಅಂದ್ರ ಊರು ನಕ್ಕು ಬಿಡ್ತೈತ್ರಿ ಸಾಹೇಬ್ರ. ಹುಚ್ಚ ಅಂದ್ರ ಮಗಳಿಗೆ ವರ ಸಿಗೂದಿಲ್ರಿ." ಹುಚ್ಚನೆನಿಸಿಕೊಳ್ಳುವ ಅಂಜಿಕೆಗೆ ಅವರು ಕುಡುಕನೆನಿಸಿಕೊಂಡು ಬದುವಿನ ನೆರಳಲ್ಲಿ ಮಲಗಿದ್ದರು. ಆ ಅಂಜಿಕೆ ಹುಟ್ಟಿಸಿದವರಲ್ಲಿ ನಾವೆಲ್ಲರೂ ಇದ್ದೇವೆ. ಅದನ್ನು ಕಳೆಯುವ ಕೆಲಸವೂ ನಮ್ಮದೇ.

ಇನ್ನು ಮುಂದೆ ಯಾರಾದರೂ ತೂರಾಡುವುದು ಕಂಡರೆ ನಗುವ ಮೊದಲು ಒಂದು ಮಾತು ಕೇಳಿರಿ: "ಏನಾದರೂ ಗುಳಿಗೆ ತಗೊಳ್ತೀರೇನು?" ಅಷ್ಟು ಕೇಳಿದರೆ ಈ ಭಾಷಣ ಸಾರ್ಥಕ.